ಆಲ್ಬಂ ಅರ್ಧಕ್ಕೇ ಬೇಜಾರಾಗುತ್ತಾ? ಎರಡು ಹಾಡು ಸೇರುವ ಕಡೆ ಕಿವಿ ಇಡಿ

ಪ್ರಶ್ನೆ: ನಾನು ಬಿಡಿ ಹಾಡು ಕೇಳುವವಳು. ಸಿನಿಮಾ ಹಾಡು, ಭಾವಗೀತೆ, ಒಂದಷ್ಟು ಇಂಗ್ಲಿಷ್ ಪಾಪ್. ಆಫೀಸಿನ ಗೆಳೆಯರು ಮೂರು ಆಲ್ಬಂ ಹೆಸರು ಹೇಳಿ, ಪೂರ್ತಿ ಕೇಳು ಅಂದರು. ಮೈಕಲ್ ಜಾಕ್ಸನ್ ಅವರ 'ಥ್ರಿಲ್ಲರ್', ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್', ನಾಸ್ ಅವರ 'ಇಲ್‌ಮ್ಯಾಟಿಕ್'. ಥ್ರಿಲ್ಲರ್‌ನ ಮೂರು ಹಾಡು ಮೊದಲೇ ಗೊತ್ತಿದ್ದವು, ಉಳಿದವು ಯಾಕೆ ಅನ್ನಿಸಿತು. ಪಿಂಕ್ ಫ್ಲಾಯ್ಡ್‌ನಲ್ಲಿ ಹಾಡು ಶುರುವಾಗೋದೇ ಇಲ್ಲ. ಇಲ್‌ಮ್ಯಾಟಿಕ್‌ನಲ್ಲಿ ಬೈಗುಳ ಬಿಟ್ಟು ಒಂದು ಪದವೂ ಕಿವಿಗೆ ಸಿಗಲಿಲ್ಲ. ಎರಡನ್ನೂ ಅರ್ಧಕ್ಕೆ ಬಿಟ್ಟೆ. ಇವನ್ನು ಮೆಚ್ಚಬೇಕಾದರೆ ಬೇರೆ ಏನಾದರೂ ಗೊತ್ತಿರಬೇಕಾ?

ಉತ್ತರ: ಬೇರೇನೂ ಗೊತ್ತಿರಬೇಕಾಗಿಲ್ಲ. ಗಿಟಾರ್ ಬರಬೇಕಿಲ್ಲ, ಅಮೆರಿಕದ ಚರಿತ್ರೆ ಓದಿರಬೇಕಿಲ್ಲ. ಆದರೆ ನಮ್ಮ ಕಿವಿಗೆ ಒಂದು ರೂಢಿ ಬಿದ್ದಿದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು, ಅಷ್ಟೇ.

ಸಿನಿಮಾ ಹಾಡು ಕೇಳಿ ಬೆಳೆದವರು ನಾವು. ಅಲ್ಲಿ ಪ್ರತಿ ಹಾಡಿಗೂ ಒಂದು ಸನ್ನಿವೇಶ ಇರುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಬರುವಷ್ಟರಲ್ಲಿ ತೆರೆಯ ಮೇಲೆ ಎಷ್ಟೋ ಕಥೆ ನಡೆದಿರುತ್ತದೆ. ಬರೀ ಹಾಡು ಕೇಳುವಾಗ ಆ ಕಥೆ ಜೊತೆಗಿರುವುದಿಲ್ಲ. ಹಾಗಾಗಿ ಯಾವ ಹಾಡನ್ನು ಯಾವಾಗ ಹಾಕಿದರೂ ಏನೂ ಕೆಡುವುದಿಲ್ಲ. ಜೊತೆಗೆ ಅಲ್ಲಿ ಹಾಡುವವರ ದನಿಯೇ ದೊಡ್ಡದು. ದನಿ ಯಾವಾಗ ಬರುತ್ತೆ, ಏನು ಹೇಳುತ್ತೆ ಅಂತ ಕಾಯುವುದು ನಮಗೆ ಅಭ್ಯಾಸ.

ನಿಮ್ಮ ಗೆಳೆಯರು ಹೇಳಿದ ಮೂರರಲ್ಲೂ ಹಾಡುಗಳ ನಡುವೆ ಸಿನಿಮಾ ಇಲ್ಲ. ಒಂದಾದ ಮೇಲೊಂದು ಬರುವ ಆ ಸಾಲೇ ಕಥೆ ಹೇಳಬೇಕು. ಒಂದು ಹಾಡು ಮುಗಿದು ಮುಂದಿನದು ಹಿಡಿದುಕೊಳ್ಳುವ ಜಾಗದಲ್ಲೇ ಎಷ್ಟೋ ಸಲ ಆಲ್ಬಂನ ಜೀವ ಇರುತ್ತದೆ. ಇದು ನಮಗೆ ಅಷ್ಟೇನೂ ಹೊಸದಲ್ಲ. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿ ಹಾಕಿ ಸವೆಸಿದವರನ್ನು ಕೇಳಿ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದರ ಮೊದಲ ಸ್ವರ ಅವರ ತಲೆಯಲ್ಲಿ ಬಂದುಬಿಟ್ಟಿರುತ್ತದೆ. ಆ ಕಿವಿ ನಿಮಗೂ ಬರುತ್ತದೆ.

ಮೊದಲು ಫೋನಿನಲ್ಲಿ ಎರಡು ಕೆಲಸ ಮಾಡಿ. ಶಫಲ್ ಆಫ್ ಮಾಡಿ. ಒಂದು ಹಾಡನ್ನು ಇನ್ನೊಂದರ ಮೇಲೆ ತಾನಾಗಿಯೇ ಹರಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿ. ಆಮೇಲೆ ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಕೇಳುವುದೇ ಇಲ್ಲ. ಬೇಸ್ ಇಲ್ಲದೆ ಈ ಸಂಗೀತದ ಅರ್ಧ ಹೋದಂತೆ. ಮೂರೂ ಸುಮಾರು 40 ನಿಮಿಷದ ಆಲ್ಬಂಗಳು, ಒಂದೇ ಕೂತಲ್ಲಿ ಮುಗಿಯುತ್ತವೆ.

ನಿಮಗೆ ಗೊತ್ತಿರುವ 'ಥ್ರಿಲ್ಲರ್'ನಿಂದಲೇ ಶುರು ಮಾಡೋಣ. ನಿಮಗೆ ಗೊತ್ತಿರುವ ಮೂರರಲ್ಲಿ 'ಬಿಲ್ಲಿ ಜೀನ್' ಇರಲೇಬೇಕು. ಈ ಸಲ ಅದರಲ್ಲಿ ಜಾಕ್ಸನ್ ದನಿಯನ್ನು ಬಿಟ್ಟು ಕೆಳಗಿನದನ್ನು ಕೇಳಿ. ಮೊದಲು ಡ್ರಮ್ಸ್ ಒಂದೇ. ನುಡಿಸಿದವರು ಲಿಯಾನ್ ಚಾನ್ಸ್ಲರ್. ಆಮೇಲೆ ಲೂಯಿಸ್ ಜಾನ್ಸನ್ ಅವರ ಬೇಸ್ ಗಿಟಾರ್. ಆಮೇಲೆ ಕೀಬೋರ್ಡ್. ದನಿ ಬರುವಷ್ಟರಲ್ಲಿ ಅರ್ಧ ನಿಮಿಷ ಹತ್ತಿರ ಬಂದಿರುತ್ತದೆ. ಇಷ್ಟುದ್ದದ ಶುರು ಬೇಡ ಅಂತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಪಟ್ಟು ಹಿಡಿದಿದ್ದರು. ಅದನ್ನು ಕೇಳಿದರೆ ಕುಣಿಯಬೇಕು ಅನ್ನಿಸುತ್ತೆ ಅಂತ ಜಾಕ್ಸನ್ ಬಿಡಲಿಲ್ಲ. ವಾದ್ಯ, ದನಿಗಳನ್ನು ಹದವಾಗಿ ಬೆರೆಸಿ ಹಾಡನ್ನು ಮಿಕ್ಸ್ ಮಾಡಿದ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ 91 ಸಲ ಮಿಕ್ಸ್ ಮಾಡಿದರಂತೆ. ಕೊನೆಗೆ ಆಯ್ಕೆ ಆಗಿದ್ದು ಎರಡನೆಯದು!

ಈಗ ಮುಖ್ಯ ಮಾತು. 'ಬಿಲ್ಲಿ ಜೀನ್' ಮುಗಿದ ಕೂಡಲೇ ಫೋನ್ ಮುಟ್ಟಬೇಡಿ. ಅನುಮಾನ, ಆರೋಪ, ಬೆನ್ನು ಹತ್ತಿದ ಭಯ, ಇದೆಲ್ಲ ಇರುವ ಹಾಡು ಅದು. ಅದರ ಬೆನ್ನಿಗೇ 'ಹ್ಯೂಮನ್ ನೇಚರ್' ಬರುತ್ತದೆ. ಟೋಟೋ ತಂಡದ ಸ್ಟೀವ್ ಪೊರ್ಕಾರೋ ಮಾಡಿದ ರಾಗ ಅದು. ಹಿಂದಿನ ಹಾಡಿನ ಬಿಗಿ ಎಲ್ಲ ಇಲ್ಲಿ ಸಡಿಲವಾಗುತ್ತದೆ. ಅದೇ ಊರು, ಅದೇ ರಾತ್ರಿ, ಆದರೆ ಮನುಷ್ಯ ಈಗ ಹೊರಗೆ ಹೋಗಿ ಜನರನ್ನು ನೋಡಬೇಕು ಅಂತಿದ್ದಾನೆ ಅನ್ನಿಸುತ್ತದೆ. 'ಹ್ಯೂಮನ್ ನೇಚರ್' ಒಂದನ್ನೇ ಕೇಳಿದರೆ ಅದೊಂದು ಮೆಲು ಪ್ರೇಮಗೀತೆ. ಭಯದ ಹಾಡಿನ ಪಕ್ಕದಲ್ಲಿ ಕೇಳಿದಾಗ ಅದು ಬಿಡುಗಡೆ. ಉಳಿದ ಹಾಡು ಯಾಕೆ ಬೇಕು ಅಂದಿರಲ್ಲ, ಇದಕ್ಕೇ ಬೇಕು.

ಪೂರ್ತಿ ಕೇಳಿ ಅಂದರೆ ಎಲ್ಲವನ್ನೂ ಮೆಚ್ಚಿ ಅಂತಲ್ಲ. 'ಥ್ರಿಲ್ಲರ್'ನ ಮೂರನೇ ಹಾಡು, ಪಾಲ್ ಮೆಕಾರ್ಟ್ನಿ ಜೊತೆಗಿನದು, ನನಗೆ ಇವತ್ತಿಗೂ ಸಪ್ಪೆ. ಒಂಬತ್ತು ಹಾಡಲ್ಲಿ ಒಂದು ಸಪ್ಪೆ ಇದ್ದರೆ ಆಲ್ಬಂ ಕೆಡುವುದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. 1982ರಲ್ಲಿ ಈ ಆಲ್ಬಂ ಮುಗಿಸಿ ಎಲ್ಲರೂ ಕೂತು ಕೇಳಿದಾಗ ಸದ್ದು ತೀರಾ ಪೇಲವ ಅನ್ನಿಸಿತು. ಕಾರಣ, ಎಲ್‌ಪಿ ತಟ್ಟೆಯ ಒಂದೊಂದು ಬದಿಗೂ ಹೆಚ್ಚು ನಿಮಿಷ ತುಂಬಿಬಿಟ್ಟಿದ್ದರು. ಎಲ್‌ಪಿ ತಟ್ಟೆಯಲ್ಲಿ ಸದ್ದು ಗೀರಿನ ರೂಪದಲ್ಲಿ ಇರುತ್ತದೆ. ನಿಮಿಷ ಜಾಸ್ತಿ ಆದಷ್ಟೂ ಗೀರುಗಳು ಒತ್ತೊತ್ತಾಗಿ ಸಣ್ಣದಾಗುತ್ತವೆ, ಬೇಸ್‌ಗೆ ಜಾಗ ಉಳಿಯುವುದಿಲ್ಲ. ಹಾಗಾಗಿ ಹಾಡುಗಳನ್ನು ಕತ್ತರಿಸಿ, ಒಂದೊಂದನ್ನೂ ಮತ್ತೆ ಮಿಕ್ಸ್ ಮಾಡಿದರು. ಬದಿಗೆ ಇಪ್ಪತ್ತು ನಿಮಿಷ, ಮಧ್ಯದಲ್ಲಿ ತಟ್ಟೆ ತಿರುಗಿಸಲು ಒಂದು ಬಿಡುವು. ಆ ಕಾಲದ ಆಲ್ಬಂಗಳನ್ನು ಹೆಣೆದಿದ್ದೇ ಈ ಲೆಕ್ಕದಲ್ಲಿ. 'ಬೀಟ್ ಇಟ್' ಎರಡನೇ ಬದಿಯ ಮೊದಲ ಹಾಡು. ತಟ್ಟೆ ತಿರುಗಿಸಿ ಕೂತವರನ್ನು ಮತ್ತೆ ಎಬ್ಬಿಸುವಂಥ ಹಾಡೇ ಅಲ್ಲಿ ಬೇಕಿತ್ತು. ಫೋನಿನಲ್ಲಿ ಕೇಳುವಾಗಲೂ ಬದಿ ಎಲ್ಲಿ ತಿರುಗುತ್ತೆ ಅಂತ ತಿಳಿದುಕೊಂಡು, ಅಲ್ಲೊಂದು ನಿಮಿಷ ನಿಲ್ಲಿಸಿ ಕೇಳಿ ನೋಡಿ.

ಈ ಬದಿಯ ಲೆಕ್ಕ ಇಟ್ಟುಕೊಂಡೇ ಪಿಂಕ್ ಫ್ಲಾಯ್ಡ್‌ಗೆ ಬನ್ನಿ. 1973ರ ಮಾರ್ಚ್‌ನಲ್ಲಿ ಬಂದ ಆಲ್ಬಂ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ. ಅದಕ್ಕೂ ಮೊದಲು 1972ರಲ್ಲಿ ತಂಡ ಇದನ್ನು ವೇದಿಕೆಯ ಮೇಲೆ ಇಡಿಯಾಗಿ ನುಡಿಸುತ್ತಾ ಬಂದಿತ್ತು. ಅಂದರೆ ಇದು ಮೊದಲಿನಿಂದಲೂ ಒಂದೇ ಕೃತಿ, ಬಿಡಿ ಹಾಡುಗಳನ್ನು ಆಮೇಲೆ ಒಟ್ಟು ಮಾಡಿದ್ದಲ್ಲ. ಮನುಷ್ಯನನ್ನು ಬುದ್ಧಿ ಕೆಡುವ ಮಟ್ಟಕ್ಕೆ ತಳ್ಳುವುದು ಯಾವುದು ಅನ್ನುವುದು ಇದರ ವಿಷಯ. ಓಟ, ಸಮಯ, ಸಾವು, ದುಡ್ಡು, ಜಗಳ, ಒಂದೊಂದಕ್ಕೂ ಒಂದು ಹಾಡು. ತಂಡ ಕಟ್ಟಿದ ಸಿಡ್ ಬ್ಯಾರೆಟ್ ಮಾನಸಿಕವಾಗಿ ಕುಸಿದು ದೂರವಾದದ್ದು ಈ ಗೆಳೆಯರ ಮನಸ್ಸಿನಲ್ಲಿತ್ತು.

ಹಾಡು ಶುರುವಾಗೋದೇ ಇಲ್ಲ ಅಂದಿರಿ. ನಿಮಗೆ ಬೇಜಾರಾಗಿದ್ದು 'ಟೈಮ್' ಹಾಡಿನ ಹತ್ತಿರ ಇರಬೇಕು ಅಂತ ನನ್ನ ಊಹೆ. ಮೊದಲು ಒಂದೇ ಸಲಕ್ಕೆ ಹತ್ತಾರು ಗಡಿಯಾರ ಬಡಿಯುತ್ತವೆ. ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆ ಬೇರೆಯಾಗಿ ಮುದ್ರಿಸಿ ತಂದ ಸದ್ದು ಅದು. ಆಮೇಲೆ ಟಿಕ್ ಟಿಕ್. ಅದರ ಮೇಲೆ ನಿಕ್ ಮೇಸನ್ ಅವರ ಡ್ರಮ್ ಅಲ್ಲೊಂದು ಇಲ್ಲೊಂದು ಏಟು. ಎರಡು ನಿಮಿಷ ದಾಟಿದರೂ ದನಿ ಇಲ್ಲ. ಕೊನೆಗೂ ದನಿ ಬಂದಾಗ ಏನು ಹೇಳುತ್ತೆ ಗೊತ್ತಾ? ಸುಮ್ನೆ ಕೂತು ಹೊತ್ತು ಕಳೆದೆ, ಓಡು ಅಂತ ಯಾರೂ ಹೇಳಲಿಲ್ಲ, ಓಟ ಶುರುವಾದದ್ದೇ ನಿನಗೆ ತಿಳಿಯಲಿಲ್ಲ. ಏನೋ ಶುರುವಾಗಲಿ ಅಂತ ನೀವು ಕಾದ ಆ ಎರಡು ನಿಮಿಷದ ಬಗ್ಗೆಯೇ ಹಾಡು ಮಾತಾಡುತ್ತಿದೆ. ಕಾಯದೆ ಮುಂದಕ್ಕೆ ಒತ್ತಿದರೆ ಅದರ ಏಟು ತಾಗುವುದೇ ಇಲ್ಲ.

'ಟೈಮ್' ಮುಗಿದ ಮೇಲೆ ಮೊದಲ ಬದಿಯ ಕೊನೆಯ ಹಾಡು. ಅದರಲ್ಲಿ ಸಾಹಿತ್ಯವೇ ಇಲ್ಲ. ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದು ಸಂಜೆ ಬಂದು, ಬರೀ ದನಿಯಲ್ಲಿ ಅಳುತ್ತಾ ಏರುತ್ತಾ ಇಳಿಯುತ್ತಾ ಹಾಡಿಹೋದರು. ಅವರಿಗೆ ಕೊಟ್ಟದ್ದು 30 ಪೌಂಡ್. ಹಾಡು ಅವರದೂ ಹೌದು ಅಂತ ಹೆಸರು ಸೇರಿಸಲು 2004ರಲ್ಲಿ ಅವರು ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ರಾಜಿಯಾಗಿ, ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರಿನ ಜೊತೆ ಅವರ ಹೆಸರೂ ಬಂತು. ಬರಬೇಕಾದದ್ದೇ. ಆಲಾಪನೆ ಕೇಳಿ ಗೊತ್ತಿರುವ ನಮಗೆ, ಮಾತಿಲ್ಲದೆ ದನಿ ಎಷ್ಟು ಹೇಳಬಲ್ಲದು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡನೇ ಬದಿ 'ಮನಿ'ಯಿಂದ ಶುರು. ನಾಣ್ಯ, ಹರಿಯುವ ಕಾಗದ, ಅಂಗಡಿಯ ಗಲ್ಲಾಪೆಟ್ಟಿಗೆ, ಇವುಗಳ ಸದ್ದನ್ನು ಟೇಪಿನಲ್ಲಿ ಹಿಡಿದು, ಆ ಟೇಪನ್ನು ಅಳತೆ ಮಾಡಿ ಕತ್ತರಿಸಿ ಅಂಟಿಸಿದ್ದಾರೆ. ಕೈಯಲ್ಲಿ ಎಣಿಸಿ ನೋಡಿ, ಏಳು ಸದ್ದು ಆದ ಮೇಲೆ ಮತ್ತೆ ಮೊದಲಿಗೆ ಬರುತ್ತದೆ. ಬೇಸ್ ಗಿಟಾರ್ ಕೂಡ ಅದೇ ಏಳರಲ್ಲಿ ಬಂದು ಸೇರುತ್ತದೆ. ರಾಕ್ ಸಂಗೀತದಲ್ಲಿ ಹೆಚ್ಚಿನದೆಲ್ಲ ನಾಲ್ಕರ ಎಣಿಕೆ, ಹಾಗಾಗಿ ಪಶ್ಚಿಮದ ಕೇಳುಗರಿಗೆ ಇದು ಕುಂಟಿದ ಹಾಗೆ ಕೇಳುತ್ತದೆ. ಮಿಶ್ರಛಾಪು ತಾಳದ ದೇವರನಾಮ ಕೇಳಿದವರಿಗೆ ಏಳು ಹೊಸದಲ್ಲ. ತಟ್ಟುವ ರೀತಿ ಬೇರೆ ಇರಬಹುದು, ಎಣಿಕೆ ಅದೇ. ಡಿಕ್ ಪ್ಯಾರಿ ಅವರ ಸ್ಯಾಕ್ಸೋಫೋನ್ ಏಳರಲ್ಲೇ ನಡೆಯುತ್ತದೆ. ಆಮೇಲೆ ಡೇವಿಡ್ ಗಿಲ್ಮೋರ್ ಗಿಟಾರ್ ಸೋಲೋ ಬಂದಾಗ ಎಣಿಕೆ ನಾಲ್ಕಕ್ಕೆ ಜಿಗಿಯುತ್ತದೆ. ಹಾಡು ತಟ್ಟನೆ ಓಡಲು ಶುರು ಮಾಡುತ್ತದೆ. ನಿಮ್ಮ ಬೆರಳು ಆ ಜಿಗಿತವನ್ನು ಹಿಡಿದರೆ ಸಾಕು, ಆ ಹಾಡು ನಿಮ್ಮದಾಯಿತು.

ದುಡ್ಡಿನ ಅಬ್ಬರ ಮುಗಿದು 'ಅಸ್ ಆ್ಯಂಡ್ ದೆಮ್' ಬರುವ ಜಾಗವನ್ನು ಎರಡೆರಡು ಸಲ ಕೇಳಿ. ಗುಜುಗುಜು ಮಾತು, ಆಮೇಲೆ ನಿಧಾನಕ್ಕೆ ಆರ್ಗನ್. ಯುದ್ಧದ ಬಗ್ಗೆ ಇಷ್ಟು ಮೆತ್ತಗೆ ಮಾತಾಡುವ ಹಾಡು ರಾಕ್‌ನಲ್ಲಿ ಕಡಿಮೆ. ಹಿಂದಿನ ಹಾಡಿನಲ್ಲಿ ಕಿರುಚಿದ ಅದೇ ಸ್ಯಾಕ್ಸೋಫೋನ್, ಅದೇ ಡಿಕ್ ಪ್ಯಾರಿ, ಇಲ್ಲಿ ಉಸಿರಾಡಿದ ಹಾಗೆ ನುಡಿಸುತ್ತಾರೆ. ಆಲ್ಬಂ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಎಲ್ಲೂ ತುಂಡರಿಸುವುದಿಲ್ಲ, ತಟ್ಟೆ ತಿರುಗಿಸುವ ಆ ಒಂದು ಕಡೆ ಬಿಟ್ಟು. ಅಂದಹಾಗೆ, ಬೆಂಗಳೂರಿನಲ್ಲಿ ಈ ತಂಡಕ್ಕೆ ಹಳೆಯ ಅಭಿಮಾನಿಗಳಿದ್ದಾರೆ. 2002ರಲ್ಲಿ ತಂಡದ ಹಳೆಯ ಬೇಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದು ಹಾಡಿದ್ದರು. ನಿಮ್ಮ ಆಫೀಸಿನ ಹಿರಿಯರಲ್ಲಿ ಯಾರಾದರೂ ಹೋಗಿದ್ದರೂ ಹೋಗಿರಬಹುದು, ಕೇಳಿ ನೋಡಿ.

ಈಗ 'ಇಲ್‌ಮ್ಯಾಟಿಕ್'. ಇದು ರ‍್ಯಾಪ್, ಅಂದರೆ ತಾಳಕ್ಕೆ ಪ್ರಾಸದ ಮಾತು ಹೆಣೆದು ಹೇಳುವ ಸಂಗೀತ. ನನಗೆ ಈ ಮೂರರಲ್ಲಿ ಜಾಸ್ತಿ ಹತ್ತಿರವಾದದ್ದು ಇದೇ. ಹೊಸದಾಗಿ ಕೇಳುವವರಿಗೆ ಎಲ್ಲಕ್ಕಿಂತ ಕಷ್ಟವಾದದ್ದೂ ಇದೇ.

ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ, ನದಿ ದಂಡೆಯಲ್ಲಿ, ಸೇತುವೆಯ ಪಕ್ಕ ಕ್ವೀನ್ಸ್‌ಬ್ರಿಡ್ಜ್ ಅಂತ ಸರ್ಕಾರಿ ವಸತಿ ಇದೆ. ಆರು ಮಹಡಿಯ 96 ಕಟ್ಟಡಗಳು. ಉತ್ತರ ಅಮೆರಿಕದಲ್ಲೇ ಇಂಥ ದೊಡ್ಡ ಸರ್ಕಾರಿ ವಸತಿ ಇನ್ನೊಂದಿಲ್ಲ. ನಾಸ್ ಬೆಳೆದದ್ದು ಅಲ್ಲಿ. ಎಂಟನೇ ತರಗತಿಗೆ ಶಾಲೆ ಬಿಟ್ಟವರು. 1992ರಲ್ಲಿ ಅವರ ಆಪ್ತ ಗೆಳೆಯ ಗುಂಡೇಟಿಗೆ ಸತ್ತರು. 1994ರ ಏಪ್ರಿಲ್‌ನಲ್ಲಿ ಆಲ್ಬಂ ಬಂದಾಗ ನಾಸ್‌ಗೆ ವಯಸ್ಸು 20. ಅಷ್ಟು ಹೊತ್ತಿಗೆ ಸಿಡಿ ಬಂದಿತ್ತು, 70 ನಿಮಿಷ ತುಂಬಿಸುವ ಅವಕಾಶ ಇತ್ತು. ಅವರು ಹತ್ತೇ ಭಾಗ ಇಟ್ಟು 40 ನಿಮಿಷದೊಳಗೆ ಮುಗಿಸಿದರು. ತಟ್ಟೆಯ ಎರಡು ಬದಿಗೆ ತಮ್ಮ ಬಡಾವಣೆಯ ಬೀದಿಗಳ ಲೆಕ್ಕದಲ್ಲಿ 40, 41 ಅಂತ ಹೆಸರಿಟ್ಟರು. ನೀವು ಕೇಳುತ್ತಿರುವುದು ಆ ಎರಡು ಬೀದಿಯನ್ನು.

ಮೊದಲ ಸಲ ಪದ ಹಿಡಿಯಲು ಹೋಗಲೇಬೇಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಅಮೆರಿಕನ್ನರಿಗೂ ಇದು ಒಂದೇ ಸಲಕ್ಕೆ ಸಿಗುವುದಿಲ್ಲ. ಆ ಬಡಾವಣೆಯ ಮಾತು ಅದು. ಬದಲಿಗೆ ನಾಲ್ಕು ಎಣಿಸಿ. ಎರಡಕ್ಕೂ ನಾಲ್ಕಕ್ಕೂ ಡ್ರಮ್ಮಿನ ಗಟ್ಟಿ ಏಟು ಬೀಳುತ್ತದೆ. ಆ ಏಟಿನ ಸುತ್ತ ನಾಸ್ ದನಿ ಹೇಗೆ ಓಡುತ್ತೆ ಅಂತ ಕೇಳಿ. ಒಮ್ಮೆ ಏಟಿನ ಮೇಲೇ ಕಾಲಿಡುತ್ತಾರೆ, ಒಮ್ಮೆ ಸ್ವಲ್ಪ ಹಿಂದೆ ಉಳಿಯುತ್ತಾರೆ, ಒಮ್ಮೆ ಸಾಲು ಮುಗಿದರೂ ಮಾತು ನಿಲ್ಲಿಸದೆ ಮುಂದಿನ ಸಾಲಿಗೆ ದಾಟುತ್ತಾರೆ. ಪ್ರಾಸವನ್ನು ಸಾಲಿನ ಕೊನೆಯಲ್ಲಿ ಮಾತ್ರ ಹುಡುಕಬೇಡಿ. ಒಂದೇ ಸಾಲಿನ ಹೊಟ್ಟೆಯೊಳಗೆ ಎರಡು ಮೂರು ಕಡೆ ಇರುತ್ತದೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಬರುವುದೇ ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರಕ್ಕೆ. ಕನ್ನಡದ ಕಿವಿಗೆ ಪ್ರಾಸವನ್ನು ಎಲ್ಲೆಲ್ಲೋ ಹಿಡಿಯುವುದು ಬರುತ್ತದೆ.

ಎರಡನೇ ಭಾಗ 'ಎನ್.ವೈ. ಸ್ಟೇಟ್ ಆಫ್ ಮೈಂಡ್'. ಅದರ ಸಂಗೀತ ಕಟ್ಟಿದ ಡಿಜೆ ಪ್ರೀಮಿಯರ್ ಒಂದು ಹಳೆಯ ಜಾಝ್ ತಟ್ಟೆಯಿಂದ ಪಿಯಾನೋದ ಚೂರು ಕತ್ತರಿಸಿ ಮತ್ತೆ ಮತ್ತೆ ತಿರುಗಿಸಿದ್ದಾರೆ. ತಗ್ಗು ಸ್ವರ, ಕತ್ತಲಿನ ಸದ್ದು. ಶುರುವಿನಲ್ಲಿ ನಾಸ್, ಇದನ್ನು ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ ಅನ್ನುತ್ತಾರೆ. ಅದನ್ನೂ ಅಳಿಸದೆ ಹಾಗೇ ಬಿಟ್ಟಿದ್ದಾರೆ. ಮರುಕ್ಷಣ ಮಾತು ಹರಿಯಲು ಶುರುವಾದರೆ ಉಸಿರು ತೆಗೆದುಕೊಳ್ಳುವುದು ಯಾವಾಗ ಅನ್ನಿಸುತ್ತದೆ.

ಹೀಗೆ ಹಳೆಯ ತಟ್ಟೆಯಿಂದ ಚೂರು ತೆಗೆಯುವುದಕ್ಕೆ ಸ್ಯಾಂಪಲ್ ಮಾಡುವುದು ಅನ್ನುತ್ತಾರೆ. ಕದ್ದದ್ದಲ್ಲವಾ ಅಂತ ಹಲವರು ಕೇಳುತ್ತಾರೆ. ಉತ್ತರ ನೀವೇ ಕಂಡುಕೊಳ್ಳಿ. ಪಿಯಾನೋ ವಾದಕ ಅಹ್ಮದ್ ಜಮಾಲ್ 1970ರಲ್ಲಿ ಮಾಡಿದ 'ಐ ಲವ್ ಮ್ಯೂಸಿಕ್' ಕೇಳಿ. ಐದು ನಿಮಿಷ ಹತ್ತಿರ ಆಗುವಾಗ ಒಂದು ಇಳಿಜಾರಿನ ರಾಗ ಬರುತ್ತದೆ, ಬಂದು ಹೋಗಿಬಿಡುತ್ತದೆ. ನಂತರ ಇಲ್‌ಮ್ಯಾಟಿಕ್‌ನ ನಾಲ್ಕನೆಯದು, 'ದಿ ವರ್ಲ್ಡ್ ಈಸ್ ಯುವರ್ಸ್' ಹಾಕಿ. ಆ ಹಾಡಿನ ಸಂಗೀತ ಕಟ್ಟಿದ ಪೀಟ್ ರಾಕ್ ಆ ಹೋಗಿಬಿಡುವ ಕ್ಷಣವನ್ನೇ ಹಿಡಿದು ಇಡೀ ಹಾಡಿಗೆ ಹಾಸಿದ್ದಾರೆ. ಅಷ್ಟು ಉದ್ದದ ನುಡಿಕೆಯಲ್ಲಿ ಅದೇ ಕ್ಷಣ ಬೇಕು ಅಂತ ಗುರುತಿಸುವುದಕ್ಕೆ ಎಂಥ ಕಿವಿ ಬೇಕು ಯೋಚಿಸಿ.

ಎರಡನೇ ಸಲ ಕೇಳುವಾಗ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ಎಲ್ಲ ಹಾಡಿಗೂ ಬೇಡ, 'ಒನ್ ಲವ್' ಒಂದಕ್ಕೆ ಸಾಕು. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳು ಅದರಲ್ಲಿವೆ. ನಿನ್ನ ಮಗ ಹುಟ್ಟಿದ, ನಿನ್ನ ಹಾಗೇ ಇದ್ದಾನೆ, ನಿನ್ನ ಹುಡುಗಿ ಯಾಕೆ ನಿನಗೆ ಕಾಗದ ಬರೆಯುತ್ತಿಲ್ಲ, ನಮ್ಮ ಬೀದಿಯಲ್ಲಿ ಹೀಗೀಗಾಯಿತು. ಮೂರನೇ ಚರಣದಲ್ಲಿ ಕಾಗದ ಇಲ್ಲ. ಬೆಂಚಿನ ಮೇಲೆ ಕೂತ ನಾಸ್ ಹತ್ತಿರ 12 ವರ್ಷದ ಹುಡುಗ ಬರುತ್ತಾನೆ, ದೊಡ್ಡವರ ಥರ ಒರಟಾಗಿ ಮಾತಾಡುತ್ತಾನೆ. ಜೈಲಿನಲ್ಲಿರುವವರಿಗೆ ಕಾಗದ ಬರೆಯುತ್ತಿದ್ದವರು ಈಗ ಮುಂದೆ ಜೈಲಿಗೆ ಹೋಗಬಹುದಾದ ಹುಡುಗನಿಗೆ ಬುದ್ಧಿ ಹೇಳುತ್ತಿದ್ದಾರೆ. ಇಷ್ಟು ತಿಳಿದ ಮೇಲೆ ಆ ಹಾಡು ನಿಮ್ಮನ್ನು ಬಿಡುವುದಿಲ್ಲ.

ಬೈಗುಳದ ಮಾತೂ ಎತ್ತಿದ್ದೀರಿ. ಹೌದು, ಇದೆ. ಹೆಂಗಸರನ್ನು ಕೀಳಾಗಿ ಕರೆಯುವ ಪದಗಳೂ ಇವೆ. ಬೀದಿಯ ಮಾತು ಹಾಗಿತ್ತು ಅನ್ನುವುದು ನಿಜ. ಅದಕ್ಕೆಂದು ಅದು ನೋಯಿಸಬಾರದು ಅಂತೇನಿಲ್ಲ. ನಿಮಗೆ ಕಸಿವಿಸಿ ಆದರೆ ಅದು ಸರಿಯಾದ ಕಸಿವಿಸಿಯೇ. ಅದನ್ನು ಇಟ್ಟುಕೊಂಡೂ ಆಲ್ಬಂ ದೊಡ್ಡದು ಅನ್ನಬಹುದು. ನಾನು ಅನ್ನುತ್ತೇನೆ.

ಮತ್ತೆ ಆ ಸಾಲಿನ ವಿಷಯ. ಇಲ್‌ಮ್ಯಾಟಿಕ್ ರೈಲಿನ ಸದ್ದಿನಿಂದ, ಬೀದಿಯ ಮಾತಿನಿಂದ ಶುರುವಾಗುತ್ತದೆ. ಮೂರನೇ ಹಾಡಿನ ಕೊನೆಗೆ ನಾಸ್ ಅವರ ಅಪ್ಪ ಓಲು ದಾರಾ ಕಾರ್ನೆಟ್ ಅನ್ನುವ ತುತ್ತೂರಿಯಂಥ ವಾದ್ಯ ನುಡಿಸುತ್ತಾರೆ. ಆ ಹಾಡು ಬದುಕು ಇಷ್ಟೇ, ಯಾವಾಗ ಸಾಯುತ್ತೇವೋ ಅನ್ನುವ ಹುಡುಗರದು. ಅದರ ತುದಿಗೆ ಒಬ್ಬ ಅಪ್ಪ ಬಂದು ಮಾತಿಲ್ಲದೆ ಊದಿ ಹೋಗುತ್ತಾರೆ. ಅದಾದ ಮೇಲೆಯೇ ಜಗತ್ತು ನಿನ್ನದು ಅನ್ನುವ ಹಾಡು. ಇನ್ನು ಕೊನೆಯ ಹಾಡು ಹಾಕಿದಾಗ ಹಿನ್ನೆಲೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುತ್ತದೆ. ಅದು 'ಹ್ಯೂಮನ್ ನೇಚರ್'. ಆ ಕೊನೆಯ ಹಾಡಿನ ಸಂಗೀತ ಕಟ್ಟಿದ ಲಾರ್ಜ್ ಪ್ರೊಫೆಸರ್ ಅದರ ಚೂರನ್ನು ತೆಗೆದು ಕೂರಿಸಿದ್ದಾರೆ. 'ಥ್ರಿಲ್ಲರ್' ಬಂದಾಗ ನಾಸ್ ಒಂಬತ್ತು ವರ್ಷದ ಹುಡುಗ. ಅದಕ್ಕೇ ಮೊದಲು ಜಾಕ್ಸನ್, ಆಮೇಲೆ ನಾಸ್ ಕೇಳಿ ಅಂತ ನನ್ನ ಸಲಹೆ.

ಸಾಲು ಬದಲಾದರೆ ಅರ್ಥ ಎಷ್ಟು ಬದಲಾಗುತ್ತೆ ಅಂತ ಒಂದೇ ಆಲ್ಬಂನಲ್ಲಿ ನೋಡಬೇಕೆಂದರೆ ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಾಮಾರ್ ಅವರ 2017ರ 'ಡ್ಯಾಮ್' ಇದೆ. ಮೊದಲ ಹಾಡಿನಲ್ಲಿ ಕುರುಡಿಯೊಬ್ಬಳಿಗೆ ಸಹಾಯ ಮಾಡಲು ಹೋದವನಿಗೆ ಗುಂಡೇಟು ಬೀಳುತ್ತದೆ. ಕೊನೆಯ ಹಾಡಿನಲ್ಲಿ ಕೆಂಡ್ರಿಕ್ ಅಪ್ಪನ ಕಥೆ. ಚಿಕನ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವರು, ಅಂಗಡಿ ದೋಚಬಲ್ಲ ಯುವಕನಿಗೆ ಪುಕ್ಕಟೆ ಚಿಕನ್ ಕೊಟ್ಟು ಒಳ್ಳೆಯವರಾಗಿ ಜೀವ ಉಳಿಸಿಕೊಳ್ಳುತ್ತಾರೆ. ಆ ಯುವಕನೇ ಮುಂದೆ ಕೆಂಡ್ರಿಕ್ ಹಾಡುಗಳನ್ನು ಹೊರತಂದ ಕಂಪನಿಯ ಮುಖ್ಯಸ್ಥರಾದರು. ಅಲ್ಲಿಗೆ ಟೇಪು ಹಿಂದಕ್ಕೆ ಸುತ್ತಿ, ಆಲ್ಬಂ ಮತ್ತೆ ಮೊದಲಿಗೆ ಬಂದು ನಿಲ್ಲುತ್ತದೆ. ಅದೇ ವರ್ಷದ ಕೊನೆಗೆ, ಅವೇ 14 ಹಾಡುಗಳನ್ನು ತಿರುಗಾಮುರುಗಾ ಮಾಡಿದ ಆವೃತ್ತಿಯನ್ನೂ ಅವರೇ ಬಿಟ್ಟರು. ಒಂದು ಕಡೆಯಿಂದ ಸಾವಿನಲ್ಲಿ ಶುರು, ಇನ್ನೊಂದು ಕಡೆಯಿಂದ ಬದುಕಿ ಉಳಿದದ್ದರಲ್ಲಿ ಶುರು. 2018ರಲ್ಲಿ ಇದಕ್ಕೆ ಪುಲಿಟ್ಜರ್ ಬಂತು. ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು.

ಇದು ಭಾರವಾಯಿತು ಅನ್ನಿಸಿದರೆ ಲಾರಿನ್ ಹಿಲ್ ಅವರ 1998ರ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಹಿಡಿಯಿರಿ. ನಿಮಗೆ ಇದು ಬೇಗ ಹತ್ತುತ್ತದೆ, ಯಾಕೆಂದರೆ ಅವರು ರ‍್ಯಾಪ್ ಮಾಡುತ್ತಾರೆ, ಹಾಡನ್ನೂ ಹಾಡುತ್ತಾರೆ, ಎರಡೂ ಒಂದೇ ದನಿಯಲ್ಲಿ. ಶುರುವಿಗೆ ಶಾಲೆಯ ಗಂಟೆ. ಮೇಷ್ಟ್ರು ಹಾಜರಿ ಕೂಗುತ್ತಾರೆ, ಲಾರಿನ್ ಹಿಲ್ ಹೆಸರಿಗೆ ಉತ್ತರವೇ ಇಲ್ಲ. ಆಮೇಲೆ ಹಾಡುಗಳ ನಡುನಡುವೆ ಆ ತರಗತಿಯ ಮಕ್ಕಳು ಪ್ರೀತಿ ಅಂದರೇನು ಅಂತ ಚರ್ಚೆ ಮಾಡುತ್ತಾರೆ. ಶಾಲೆಗೆ ಬಾರದ ಹುಡುಗಿ ಹೊರಗೆ ಕಲಿತದ್ದೆಲ್ಲ ಹಾಡುಗಳಲ್ಲಿ ಬರುತ್ತದೆ. ಮೇಷ್ಟ್ರ ದನಿ ರಾಸ್ ಬರಾಕಾ ಅವರದು, 2014ರಲ್ಲಿ ನ್ಯೂವಾರ್ಕ್ ಊರಿನ ಮೇಯರ್ ಆದವರು. ಈ ಮಾತುಗಳನ್ನು ಬಿಟ್ಟು ಹಾಡಿಗೆ ಹಾರುವವರೇ ಜಾಸ್ತಿ. ನೀವು ಹಾರಬೇಡಿ.